ಗೋಡೆಯಾಚೆಯ ಅಂಜೂರ

ಡಯೋನಿಸಸ್ ದೇವರ ಹಬ್ಬಕ್ಕೆ ಹದಿನೈದು ಜನರ ಹಾಡುಮೇಳ ಕಟ್ಟುವುದೆಂದರೆ ಖರ್ಚು ಹೀಗೆ: ಮುಖವಾಡಗಳಿಗೆ ಅರವತ್ತು ದ್ರಾಖ್ಮ. ಕೇಸರಿ ಬಣ್ಣದ ನಿಲುವಂಗಿಗಳಿಗೆ ನೂರೈವತ್ತು. ಹಾಡು ಕಲಿಸುವವನಿಗೆ ಅರವತ್ತು, ಜೋಡಿಕೊಳಲು ಊದುವವನಿಗೆ ನಲವತ್ತು. ಹದಿನೈದು ಗಂಟಲು ಒಂದು ತಿಂಗಳು ಹಾಡಬೇಕಾದರೆ ಹದಿನೈದು ಹೊಟ್ಟೆಯೂ ಒಂದು ತಿಂಗಳು ತುಂಬಬೇಕಲ್ಲ. ರೊಟ್ಟಿ, ಉಪ್ಪುಮೀನು, ಈರುಳ್ಳಿ, ದ್ರಾಕ್ಷಾರಸ ಸೇರಿ ತೊಂಬತ್ತು. ಒಟ್ಟು ನಾನೂರು. ದಿನವಿಡೀ ಕಲ್ಲು ಹೊತ್ತವನಿಗೆ ಸಂಜೆ ಒಂದು ದ್ರಾಖ್ಮ ಸಿಗುವ ಕಾಲ ಅದು. ಈ ನಾನೂರು ಊರಿನ ಹಣವಲ್ಲ. ಸಭೆಯಲ್ಲಿ ಯಾರ ಹೆಸರು ಕೂಗುತ್ತಾರೋ ಅವನ ಚೀಲದಿಂದಲೇ ಬರಬೇಕು. ಅದಕ್ಕೆ ಗೌರವ ಎಂದು ಹೆಸರು.

ಅಥೆನ್ಸಿನಿಂದ ಅರ್ಧ ದಿನದ ನಡಿಗೆಯ ಆ ಊರಿನಲ್ಲಿ, ಆ ಬೆಳಿಗ್ಗೆ, ಊರ ಮುಖ್ಯಸ್ಥ ಲೈಸಾನ್ ಕೂಗಿದ ಹೆಸರು ಖರೀನೋಸನದು.

ಜನ ಚಪ್ಪಾಳೆ ತಟ್ಟಿದರು. ತಮ್ಮ ಹೆಸರು ಬರಲಿಲ್ಲವೆಂಬ ಸಂತೋಷ ಅವರ ಅಂಗೈಯಲ್ಲೇ ಕೇಳಿಸುತ್ತಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಖರೀನೋಸನ ಪಕ್ಕದ ಮನೆಯ ನಿಕೋನ್. ಆ ಸದ್ದು ಕಿವಿಗೆ ಬಿದ್ದಾಗಲೇ ಖರೀನೋಸನ ಹೊಟ್ಟೆಯಲ್ಲಿ ಬೆಂಕಿ ಎದ್ದಿತು. ತನ್ನ ನಾನೂರು ಹೋಗುವುದು ಒಂದು ಸಂಕಟವಾದರೆ, ನಿಕೋನನ ನಾನೂರು ಉಳಿಯುವುದು ಅದಕ್ಕಿಂತ ದೊಡ್ಡ ಸಂಕಟ.

ಎರಡೂ ಮನೆಗಳ ನಡುವೆ ಒಂದೇ ಗೋಡೆ. ಖರೀನೋಸ್ ಹನ್ನೊಂದು ವರ್ಷದಿಂದ ತನ್ನ ಕಡೆ ಒಂದು ಹಳೆಯ ಎಣ್ಣೆಮಡಕೆಯನ್ನು ಬೋರಲು ಹಾಕಿ, ಹೊತ್ತು ಮೂಡುವ ಮೊದಲೇ ಅದರ ಮೇಲೆ ಹತ್ತಿ, ಆಚೆ ಇಣುಕುತ್ತಿದ್ದ. ನಿಕೋನನ ಅಂಜೂರ ಬಾತುಕೋಳಿ ಮೊಟ್ಟೆಯ ಗಾತ್ರ. ನಿಕೋನನ ಬಾವಿಯ ನೀರು ತಣ್ಣಗೆ. ನಿಕೋನನ ಮೇಕೆ ಅವಳಿ ಮರಿ ಹಾಕಿದ ವಾರ ಖರೀನೋಸನಿಗೆ ಜ್ವರ ಬಂದಿತ್ತು. ನಿಕೋನ್ ಕೆಮ್ಮಿದರೂ ಸಾಕು, ಅದು ಉಳ್ಳವರ ಕೆಮ್ಮು ಎನಿಸುತ್ತಿತ್ತು.

ಸಭೆ ಮುಗಿದದ್ದೇ ಖರೀನೋಸ್ ನೇರ ಕ್ಷೌರಿಕ ಟ್ರಿಫೋನನ ಅಂಗಡಿಗೆ ಹೋಗಿ ಕುಳಿತ. ಕೂದಲು ಕತ್ತರಿಸುವುದು ಟ್ರಿಫೋನನ ಹೊಟ್ಟೆಪಾಡು. ಒಬ್ಬರ ಮನೆಯ ಕಿಡಿಯನ್ನು ಇನ್ನೊಬ್ಬರ ಹುಲ್ಲಿನ ಬಣವೆಗೆ ಮುಟ್ಟಿಸುವುದು ಅವನ ನಿಜವಾದ ಕಸುಬು.

"ಅಲ್ಲಯ್ಯಾ ಟ್ರಿಫೋನ್, ನೀನೇ ಹೇಳು. ಊರಲ್ಲಿ ನಿಕೋನ್ ಇರೋವಾಗ ನಾನು ಮೇಳ ಕಟ್ಬೇಕಾ?"

ಟ್ರಿಫೋನ್ ಎಡಗಡೆಯ ಗಡ್ಡಕ್ಕೆ ಕತ್ತರಿ ಹಾಕುತ್ತ, "ಸುಮ್ನೆ ಯಾಕಣ್ಣ ಅಳ್ತೀಯ? ಕಾನೂನಿದೆಯಲ್ಲ," ಅಂದ. "ಅವನ ಬಾಗಿಲಿಗೆ ಹೋಗಿ ಸವಾಲು ಹಾಕು. 'ನನ್ನ ಆಸ್ತಿಗಿಂತ ಇವನ ಆಸ್ತಿ ದೊಡ್ಡದು, ಮೇಳ ಇವನೇ ಮಾಡ್ಲಿ' ಅನ್ನು. ಒಪ್ಕೊಂಡ್ರೆ ಮೇಳ ಅವನ ತಲೆಗೆ. ಇಲ್ಲ, ಖರೀನೋಸನದೇ ದೊಡ್ಡದು ಅಂದನೋ, ಅದಲು ಬದಲು! ಮನೆ, ಹೊಲ, ಮೇಕೆ, ಮಡಕೆ, ಎಲ್ಲಾ. ಅವನದ್ದು ನಿಂಗೆ, ನಿಂದು ಅವನಿಗೆ."

"ಬದಲಾದ ಮೇಲೆ ಮೇಳ?"

"ಬದಲಾದ್ರೆ ತಾನೆ ಆ ಮಾತು! ಅಂಥ ಮನೆ ಬಿಟ್ಟು ನಿನ್ನ ಮನೆಗೆ ಬರೋಕೆ ಅವನಿಗೇನು ತಲೆ ಕೆಟ್ಟಿದ್ಯಾ?"

ಮಾತು ಚುಚ್ಚಿತು, ಆದರೆ ಹಿತವಾಗಿಯೇ ಚುಚ್ಚಿತು. ಖರೀನೋಸ್ ದಡಕ್ಕನೆ ಎದ್ದ.

"ಅಣ್ಣ, ಬಲಗಡೆ ಗಡ್ಡ ಹಾಗೇ ಇದೆ!"

"ಮೇಳ ಅವನ ತಲೆಗೆ ಕಟ್ಟಿ ಬಂದು ತೆಗೆಸ್ತೀನಿ!"

ಮನೆಯಲ್ಲಿ ಹೆಂಡತಿ ಮೆಲಿತ್ತಾ ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ಗಂಡನ ಮುಖವನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡಿದಳು.

"ಏನ್ರೀ ಇದು, ಇಬ್ಬರು ಗಂಡಂದಿರು ಒಟ್ಟಿಗೆ ಬಂದ ಹಾಗಿದೆ."

ಅವನು ವಿಷಯ ಹೇಳಿದ. ಅವಳ ಕೈ ನಿಂತಿತು.

"ಬೇಡ ಕಣ್ರೀ. ನಾನೂರು ಹೇಗೋ ಹೊಂದಿಸೋಣ. ಆ ಮನೆಯಲ್ಲಿ ಏನು ಸುಖ ಇದೆ ಅಂತ? ಹೊಳೆ ಹತ್ರ ಬಟ್ಟೆ ಒಗೆಯೋವಾಗ ಅವನ ಹೆಂಡ್ತಿ ಅಳ್ತಿದ್ಲು. ಸಂಜೆಯಾದ್ರೆ ಅವನಿಗೆ ಊಟವೇ ಸೇರಲ್ವಂತೆ. ತಟ್ಟೆ ಬಿಟ್ಟು ಎದ್ದು ಅಂಗಳಕ್ಕೆ ಹೋಗಿಬಿಡ್ತಾನಂತೆ."

"ಊಟ ಯಾಕೆ ಸೇರುತ್ತೆ? ಮಧ್ಯಾಹ್ನವೇ ಹಾವುಮೀನು ತಿಂದು ಹೊಟ್ಟೆ ಬಿರಿದಿರುತ್ತೆ. ನಮ್ಮ ಹಾಗಾ? ಆಲಿವ್ ಮರದ ಕೆಳಗೆ ಕೂತು ಎರಡು ಈರುಳ್ಳಿ ಕಡಿಯೋದು, ಕತ್ತೆಗೆ ಒಂದು ತುಂಡು ರೊಟ್ಟಿ ಕೊಡೋದು, ನೀನು ಹೇಳಿದ್ದಕ್ಕೆ ನಗೋದು. ಇದೂ ಒಂದು ಬಾಳಾ?"

"ನಂಗೇನೋ ಚೆನ್ನಾಗೇ ಇದೆ," ಎಂದಳು ಮೆಲಿತ್ತಾ. ಆದರೆ ಅಷ್ಟು ಹೊತ್ತಿಗೆ ಗಂಡ ಬಾಗಿಲು ದಾಟಿದ್ದ.

ನಿಕೋನನ ಬಾಗಿಲಿಗೆ ಅವನು ತಲುಪುವ ಮೊದಲೇ ಅರ್ಧ ಊರು ಅಲ್ಲಿ ಸೇರಿತ್ತು. ಟ್ರಿಫೋನ್ ಅಂಗಡಿ ಮುಚ್ಚಿ, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರಿಗೂ ಹೇಳಿ ಬಂದಿದ್ದ. ಲೈಸಾನ್ ಮೇಣದ ಹಲಗೆ ಹಿಡಿದು ನೆರಳು ಹುಡುಕುತ್ತಿದ್ದ. ನಿಕೋನ್ ತನ್ನ ನೀಲಿ ಮೇಲುಹೊದಿಕೆಯಲ್ಲಿ ಹೊರಗೆ ಬಂದ. ಆ ನೀಲಿ ಕಂಡು ಖರೀನೋಸನ ಮೈಯೆಲ್ಲ ಉರಿಯಿತು.

"ನಿಕೋನ್! ನಿನ್ನ ಆಸ್ತಿ ನನ್ನದಕ್ಕಿಂತ ದೊಡ್ಡದು. ಮೇಳ ನೀನು ಕಟ್ಟು. ಇಲ್ಲಾ, ನಿಂದು ನಂಗೆ ಕೊಟ್ಟು ನಂದು ತಗೋ!"

ನಿಕೋನ್ ಒಮ್ಮೆ ಗೋಡೆಯತ್ತ ನೋಡಿದ. ಬಾಯಿ ತೆರೆದು ನಿಂತ. ಪೆಟ್ಟು ನಾಟಿತು ಅಂದುಕೊಂಡ ಖರೀನೋಸ್.

"ಸರಿ, ಬಾಗಿಲ ಪಕ್ಕದ ದೇವರ ಪೀಠದ ಮೇಲೆ ಕೈಯಿಟ್ಟು ಪ್ರಮಾಣ ಮಾಡಿ ಹೇಳು," ಎಂದ ಲೈಸಾನ್. "ಇವನ ಆಸ್ತಿಯಲ್ಲಿ ಏನೇನಿದೆ? ಬರ್ಕೋತೀನಿ."

ನಿಕೋನನಿಗೂ ತಿಳಿಯದಷ್ಟು ಚೆನ್ನಾಗಿ ಖರೀನೋಸನಿಗೆ ಆ ಆಸ್ತಿ ತಿಳಿದಿತ್ತು. ಹನ್ನೊಂದು ವರ್ಷದ ಲೆಕ್ಕ ಬಾಯಿಪಾಠವಾಗಿತ್ತು.

"ಅಂಜೂರದ ಮರ ಒಂದು. ಈ ವರ್ಷ ಇನ್ನೂರ ಹದಿಮೂರು ಕಾಯಿ."

"ನಂಗೇ ಗೊತ್ತಿರ್ಲಿಲ್ಲ," ಎಂದ ನಿಕೋನ್ ಮೆಲ್ಲಗೆ.

"ಜೇನುಗೂಡು ನಾಲ್ಕು. ಮೇಕೆ ಒಂಬತ್ತು. ಬಾವಿ ಒಂದು, ಅದರ ನೀರು ತಣ್ಣಗಿದೆ!"

"ತಣ್ಣಗಿರೋದಕ್ಕೆ ಬೆಲೆ ಎಷ್ಟು ಬರೀಲಿ?"

"ಐವತ್ತು ದ್ರಾಖ್ಮ ಬರೀರಿ! ನಮ್ಮ ಬಾವಿದು ಉಗುರುಬೆಚ್ಚಗೆ."

ಜನ ನಕ್ಕರು. "ಅವನ ಗೊರಕೆಗೂ ಬೆಲೆ ಕಟ್ಟಣ್ಣ!" ಎಂದು ಟ್ರಿಫೋನ್ ಕೂಗಿದ. ಖರೀನೋಸ್ ನಿಲ್ಲಿಸಲಿಲ್ಲ. ನಿಕೋನನ ಹೆಬ್ಬಾಗಿಲಿನ ಮೊಳೆಗಳವರೆಗೂ ಎಣಿಸಿದ. ಸ್ವಂತ ಆಸ್ತಿಯ ಸರದಿ ಬಂದಾಗ ಮಾತ್ರ ಅವನ ದನಿ ಇಳಿಯಿತು.

"ನಂದೇನಿದೆ ಸ್ವಾಮೀ. ಮನೆ ಸೋರುತ್ತೆ. ಆಲಿವ್ ಮರ ಮುದಿಯಾಗಿದೆ. ಅದರ ಕೆಳಗೊಂದು ಕಲ್ಲುಬೆಂಚು. ಮತ್ತೊಂದು ಕತ್ತೆ, ಅದು ಹಗಲೆಲ್ಲ ಜಗಳ ಆಡುತ್ತೆ, ಸಂಜೆಯಾದ್ರೆ ಬಂದು ಹೆಗಲ ಮೇಲೆ ತಲೆ ಇಡುತ್ತೆ. ಅದನ್ನ ಯಾರು ಕೊಳ್ತಾರೆ?"

ಕೈಯನ್ನು ಪೀಠದ ಮೇಲಿಟ್ಟು, ಜೀಯಸ್ ದೇವರ ಆಣೆಗೂ ನಿಕೋನನ ಆಸ್ತಿ ತನ್ನದರ ಎರಡರಷ್ಟು ಎಂದು ಪ್ರಮಾಣ ಮಾಡಿದ. ಲೈಸಾನ್ ಅದನ್ನು ಮೇಣದಲ್ಲಿ ಆಳವಾಗಿಯೇ ಗೀಚಿದ.

ಇನ್ನು ಪದ್ಧತಿಯಂತೆ ಇವನು ಅವನ ಮನೆ ನೋಡಬೇಕು, ಅವನು ಇವನದನ್ನು. ಏನೂ ಸಾಗಿಸದಂತೆ ಉಗ್ರಾಣಕ್ಕೆ ಮಣ್ಣಿನ ಮುದ್ರೆ ಒತ್ತಬೇಕು. ನಿಕೋನ್ ಎರಡು ಮಾತಾಡದೆ ಖರೀನೋಸನ ಮನೆಯತ್ತ ಹೊರಟ. ಅವನ ನಡಿಗೆಯಲ್ಲಿ ಸ್ವಲ್ಪ ಅವಸರವಿತ್ತು.

ಖರೀನೋಸ್ ಒಳಗೆ ಹೋದ. ಹನ್ನೊಂದು ವರ್ಷ ಮೇಲಿನಿಂದ ನೋಡಿದ್ದನ್ನು ಈಗ ಕೆಳಗಿನಿಂದ ನೋಡಿದ. ಬಾವಿಗೆ ಇಣುಕಿದ, ಮಡಕೆಗಳನ್ನು ಬೆರಳಿನಿಂದ ಬಡಿದ, ಮೇಕೆಯ ಕೆಚ್ಚಲು ಮುಟ್ಟಿ ನೋಡಿದ, ಮೇಕೆ ಒದೆಯಿತು. ಹೊಟ್ಟೆಕಿಚ್ಚಿನ ಭರದಲ್ಲಿ ಮಣ್ಣಿನ ಮುದ್ರೆಯನ್ನು ಉಗ್ರಾಣಕ್ಕೆ ಮಾತ್ರವಲ್ಲ, ಕಂಡದ್ದಕ್ಕೆಲ್ಲ ಒತ್ತುತ್ತ ಬಂದ. ಜೇನುಗೂಡಿನ ಬಾಯಿಗೂ ಒತ್ತಿದ.

ಜೇನುಹುಳುಗಳಿಗೆ ಕಾನೂನು ತಿಳಿದಿರಲಿಲ್ಲ.

ಅವನು ಕಿರುಚುತ್ತ ಹೊರಗೆ ಓಡಿ ಬಂದಾಗ ಎಡಗಣ್ಣು ಮುಚ್ಚಿಹೋಗಿತ್ತು, ಗಡ್ಡವಿಲ್ಲದ ಕೆನ್ನೆ ಕುಂಬಳಕಾಯಿಯಂತೆ ಊದಿತ್ತು. ಗಡ್ಡವಿದ್ದ ಕೆನ್ನೆಗೆ ಮಾತ್ರ ಏನೂ ಆಗಿರಲಿಲ್ಲ.

"ನೋಡಿದ್ಯಾ? ಪೂರ್ತಿ ತೆಗೆಸಿದ್ರೆ ಎರಡೂ ಕಡೆ ಊದ್ಕೊಳ್ತಿತ್ತು," ಎಂದ ಟ್ರಿಫೋನ್. "ಹೇಗೆ ಉಳಿಸಿದೆ ನಿನ್ನ!"

ಅಷ್ಟರಲ್ಲಿ ನಿಕೋನ್ ಬಂದ. ಖರೀನೋಸನಿಗೆ ಒಂದೇ ಕಣ್ಣು ಉಳಿದಿದ್ದರೂ ಕಂಡಿತು: ನಿಕೋನನ ಮುಖ ಹಬ್ಬದ ದೀಪದಂತೆ ಬೆಳಗುತ್ತಿತ್ತು. ಅವನ ನೀಲಿ ಹೊದಿಕೆಯ ಹೆಗಲಿಗೆ ಕತ್ತೆಯ ಬೂದು ಕೂದಲು ಅಂಟಿತ್ತು.

"ಸರಿ," ಎಂದ ನಿಕೋನ್. "ನಾನಂತೂ ಅವನ ಆಸ್ತಿಯೇ ದೊಡ್ಡದು ಅಂತೀನಿ. ಅದಲು ಬದಲಾಗ್ಲಿ."

 ಟ್ರಿಫೋನನ ಕತ್ತರಿ ನೆಲಕ್ಕೆ ಬಿತ್ತು.

"ಏನಂದೆ?" ಎಂದ ಖರೀನೋಸ್.

"ಬದಲಾಯಿಸೋಣ ಅಂದೆ. ಈವತ್ತೇ. ನೀನು ಮನಸ್ಸು ಬದಲಾಯಿಸೋ ಮೊದಲೇ."

ಖರೀನೋಸ್ ಬೆರಳು ಮಡಚಿ ಎಣಿಸತೊಡಗಿದ. ಅಂಜೂರ! ತಣ್ಣೀರು! ಒಂಬತ್ತು ಮೇಕೆ! ನಾನೂರು ಉಳಿಸಲು ಬಂದವನಿಗೆ ಇಡೀ ಮನೆಯೇ ಸಿಕ್ಕಿತು. ಲೈಸಾನ್ ಎದುರು ಇಬ್ಬರೂ ಕೈ ಕುಲುಕಿದರು, ದ್ರಾಕ್ಷಾರಸ ನೆಲಕ್ಕೆ ಸುರಿದರು, ವ್ಯವಹಾರ ಮುಗಿಯಿತು. ಊದಿದ ತುಟಿಯಲ್ಲೇ ಖರೀನೋಸ್ ನಕ್ಕ.

"ಆಗ್ಲಿ ನಿಕೋನ್, ಹಾಡುವವರಿಗೆ ಈರುಳ್ಳಿ ಕಡಿಮೆ ಮಾಡ್ಬೇಡ. ಮೇಳ ಚೆನ್ನಾಗಿರ್ಬೇಕು."

ಲೈಸಾನ್ ಹಲಗೆಯಿಂದ ತಲೆಯೆತ್ತಿದ. "ನಿಕೋನನ ಮೇಳ ಎಲ್ಲಿಂದ ಬಂತು?"

"ಮತ್ತೆ? ಅವನಿಗೆ ನನ್ನ ಆಸ್ತಿ ಹೋಯ್ತಲ್ಲ. ಅದರ ಜೊತೆ ಮೇಳಾನೂ..."

"ಖರೀನೋಸ್," ಎಂದ ಲೈಸಾನ್, ಮಕ್ಕಳಿಗೆ ಹೇಳುವ ದನಿಯಲ್ಲಿ. "ಯಾರ ಆಸ್ತಿ ದೊಡ್ಡದು ಅಂತ ಪೀಠ ಮುಟ್ಟಿ ಹೇಳಿದ್ದು ಯಾರು?"

"ನಾನು."

"ಯಾವುದು ದೊಡ್ಡದು ಅಂದೆ?"

"ಇದು. ನಿಕೋನನದು."

"ಈಗ ಇದು ಯಾರದ್ದು?"

ಖರೀನೋಸ್ ಉಳಿದ ಒಂದು ಕಣ್ಣಿನಿಂದ ಹೆಬ್ಬಾಗಿಲಿನ ಮೊಳೆಗಳನ್ನು ನೋಡಿದ.

"ಎರಡರಷ್ಟು ಆಸ್ತಿ ಇಟ್ಕೊಂಡು, ಸೋರೋ ಮನೆ, ಮುದಿ ಮರ ಇರೋ ಬಡವನ ತಲೆಗೆ ಮೇಳ ಕಟ್ಟೋಕಾಗುತ್ತಾ? ಬದಲಾದ್ರೆ ಸವಾಲು ಹಾಕಿದವನೇ ಖರ್ಚು ಹೊರ್ಬೇಕು. ಕಾನೂನೇ ಹಾಗಿದೆ. ಯಾಕೆ, ಟ್ರಿಫೋನ್ ಹೇಳ್ಲಿಲ್ವಾ?"

ಎಲ್ಲರೂ ಟ್ರಿಫೋನನತ್ತ ತಿರುಗಿದರು. ಅವನು ಬಗ್ಗಿ ಕತ್ತರಿ ಹುಡುಕುತ್ತಿದ್ದ. ಬಹಳ ಹೊತ್ತು ಹುಡುಕಿದ.

ಸಂಜೆಯ ಹೊತ್ತಿಗೆ ಸಾಮಾನು ಸಾಗಿತು. ಮೆಲಿತ್ತಾ ತನ್ನ ಮಗ್ಗ, ತವರಿನ ಪೆಟ್ಟಿಗೆ ಹೊತ್ತುಕೊಂಡು ಹೊಸ ಬಾಗಿಲಲ್ಲಿ ನಿಂತಳು.

"ನನ್ನನ್ನೂ ಬದಲಾಯಿಸಿದ್ದೀರೋ, ಒಳಗೆ ಬರ್ಬಹುದೋ?"

"ಬಾರೇ," ಎಂದ ಅವನು ಸಣ್ಣ ದನಿಯಲ್ಲಿ.

ಅಂಜೂರ ಕಿತ್ತು ತಿಂದ. ಸಿಹಿಯಾಗಿಯೇ ಇತ್ತು, ಆದರೆ ಮಡಕೆಯ ಮೇಲೆ ನಿಂತು ನೋಡಿದಷ್ಟು ಸಿಹಿಯಾಗಿರಲಿಲ್ಲ. ಬಾವಿಯ ನೀರು ಕುಡಿದ. ತಣ್ಣಗಿತ್ತು, ಹಲ್ಲು ಜುಮ್ಮೆಂದಿತು. ಮರದ ಹಿಂದೆ, ಗೋಡೆಗೆ ತಾಗಿದಂತೆ, ಒಂದು ಹಳೆಯ ಎಣ್ಣೆಮಡಕೆ ಬೋರಲು ಬಿದ್ದಿತ್ತು. ಕೊಂಬೆಗಳ ಮರೆಯಲ್ಲಿದ್ದದ್ದರಿಂದ ಆಚೆಯಿಂದ ಎಂದೂ ಕಂಡಿರಲಿಲ್ಲ. ಅದರ ತಳ ಸವೆದು ನುಣ್ಣಗಾಗಿತ್ತು. ಎರಡು ಪಾದಗಳ ಗುರುತು ಸ್ಪಷ್ಟವಾಗಿತ್ತು.

"ಅದಕ್ಕೇ ಸಂಜೆ ಅವನಿಗೆ ಊಟ ಸೇರ್ತಿರ್ಲಿಲ್ಲ," ಎಂದಳು ಮೆಲಿತ್ತಾ ಹಿಂದಿನಿಂದ.

ಖರೀನೋಸ್ ಮಡಕೆ ಹತ್ತಿದ. ಪಾದಗಳು ಗುರುತಿನಲ್ಲಿ ಸರಿಯಾಗಿ ಕೂತವು. ಆಚೆ ಇಳಿಬಿಸಿಲು ಆಲಿವ್ ಎಲೆಗಳ ಮೇಲೆ ಬಿದ್ದು ಇಡೀ ಮರ ಬೆಳ್ಳಿಯಾಗಿತ್ತು. ಕಲ್ಲುಬೆಂಚಿನ ಮೇಲೆ ನಿಕೋನ್ ಮತ್ತು ಅವನ ಹೆಂಡತಿ ಈರುಳ್ಳಿ ಕಡಿಯುತ್ತಿದ್ದರು. ಅವಳು ಏನೋ ಹೇಳಿದಳು, ಅವನು ನಕ್ಕ. ಕತ್ತೆ ನಿಧಾನವಾಗಿ ಬಂದು ನಿಕೋನನ ಹೆಗಲ ಮೇಲೆ ತಲೆಯಿಟ್ಟು, ಅವನ ಕೈಯಿಂದ ರೊಟ್ಟಿ ತಿಂದಿತು.

ಎಂಥ ಮರ ಅದು! ಎಂಥ ಕತ್ತೆ! ಆ ಮನೆ ಊರಿನಲ್ಲೇ ಚೆಂದದ ಮನೆಯೆಂದು ಇಷ್ಟು ದಿನ ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಖರೀನೋಸನ ಹೊಟ್ಟೆ ಮತ್ತೆ ಉರಿಯತೊಡಗಿತು.

"ಇಳೀರಿ," ಎಂದಳು ಮೆಲಿತ್ತಾ. "ಬೆಳಿಗ್ಗೆ ಹಾಡುವವರು ಬರ್ತಾರಂತೆ. ಹದಿನೈದು ಜನ."

ಆ ದಿನ ಖರೀನೋಸನಿಗೆ ಬಂದದ್ದು ಅಂಜೂರದ ಮರ ಒಂದು, ತಣ್ಣೀರಿನ ಬಾವಿ ಒಂದು, ಮೇಕೆ ಒಂಬತ್ತು, ಜೇನುಗೂಡು ನಾಲ್ಕು. ಹೋದದ್ದು ಆಲಿವ್ ಮರ, ಕಲ್ಲುಬೆಂಚು, ಕತ್ತೆ, ಅರ್ಧ ಗಡ್ಡ, ಮತ್ತು ನಾನೂರು ದ್ರಾಖ್ಮ. ಮಡಕೆ ಮಾತ್ರ ಮೊದಲೂ ಒಂದಿತ್ತು, ಈಗಲೂ ಒಂದಿದೆ.