ಎಕ್ಸ್‌ಪೋರ್ಟ್ ಕ್ವಾಲಿಟಿ ಕೊರಳು

ನಾಯಿಗೆ ಬೆಲ್ಟ್ ಮಾಡುವ ಜಾಗದಲ್ಲಿ ಕೆಲಸ ಮಾಡಿದರೆ ನಗುವಂಥದ್ದು ದಿನಾ ಒಂದಲ್ಲ ಒಂದು ನಡೆದೇ ನಡೆಯುತ್ತದೆ. ನಗುವವರು ಯಾರು ಅನ್ನುವುದಷ್ಟೇ ಬದಲಾಗುತ್ತದೆ. ಸಾಮಾನ್ಯವಾಗಿ ಅದು ನಾವಲ್ಲ.

ಮೂಗು

ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ.

"ಇಂಗ್ಲಿಷ್ ಬರುತ್ತಾ?"

"ಬರುತ್ತೆ ಸಾರ್."

"ಆಗಾಗ ನೆಗಡಿ ಬರುತ್ತಾ?"

"ಇಲ್ಲ ಸಾರ್."

"ಸೋಮವಾರ ಬನ್ನಿ."

ನೆಗಡಿ ಯಾಕೆ ಕೇಳಿದರು ಅಂತ ಸೋಮವಾರ ಗೊತ್ತಾಯಿತು. ನಮ್ಮದು ತಮಿಳು ಗಡಿಯ ಮೂಕಂಡಪಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ಯೂನಿಟ್. ಹೊರದೇಶದ ನಾಯಿಗಳಿಗೆ ಕೊರಳಪಟ್ಟಿ, ಹಿಡಿಯುವ ಹಗ್ಗ ಮಾಡಿ ಕಳಿಸುತ್ತೇವೆ. ಆ ನಾಯಿಗಳು ಕೆರೆಗೆ ಬೀಳುತ್ತವಂತೆ, ಕೆಸರಲ್ಲಿ ಹೊರಳುತ್ತವಂತೆ, ಆಮೇಲೆ ಸೋಫಾದ ಮೇಲೆ ಮಲಗುತ್ತವಂತೆ. ಆದ್ದರಿಂದ ಬೆಲ್ಟ್ ನೀರು ಕುಡಿಯಬಾರದು, ಒಂದು ಸಲ ಒರೆಸಿದರೆ ಶುದ್ಧವಾಗಬೇಕು, ವಾಸನೆ ಬರಲೇಬಾರದು. ಯಾವ ಪಟ್ಟಿ ಇದಕ್ಕೆಲ್ಲ ಆಗುತ್ತದೆ ಅಂತ ನೋಡುವುದು ನನ್ನ ಕೆಲಸ. ಕೆರೆನೀರು, ಕೆಸರು, ಸಗಣಿ, ಮೂರು ಬಕೆಟ್. ಅದರಲ್ಲಿ ಪಟ್ಟಿಗಳನ್ನು ನೆನೆಸಿ, ಒದ್ದೆಯಾಗಿದ್ದಾಗಲೇ ಕವರಲ್ಲಿ ಕಟ್ಟಿಟ್ಟು, ಮಾರನೇ ದಿನ ಬಿಚ್ಚಿ ಮೂಸಬೇಕು. ಆಮೇಲೆ ಮೂಸಿದ್ದನ್ನು ಒಳ್ಳೇ ಇಂಗ್ಲಿಷಿನಲ್ಲಿ ಬರೆಯಬೇಕು.

ಚರ್ಮ: ಮಳೆಗಾಲದ ಶೂ. ಹತ್ತಿ: ನೆನೆದ ಗೋಣಿಚೀಲ. ನೈಲಾನ್: ನೆನೆದ ಗೋಣಿಚೀಲ, ಸ್ವಲ್ಪ ದೂರದಲ್ಲಿ. ಪ್ಲಾಸ್ಟಿಕ್ ಲೇಪನ ಇರುವ ಪಟ್ಟಿ: ಏನೂ ಇಲ್ಲ. ಆ 'ಏನೂ ಇಲ್ಲ' ಮೂಸಿದ ದಿನ ಇಡೀ ಯೂನಿಟ್‌ಗೆ ಸಿಹಿ ಹಂಚಿದರು.

ಅವತ್ತು ನನ್ನ ಪಕ್ಕ ಕೂತು ಸಿಹಿ ತಿಂದವಳು ರಿವೆಟ್ ಅಕ್ಕ. ನಮ್ಮ ಬಾಗಲೂರು ಕಡೆಯವಳೇ, ಒಂದೇ ವ್ಯಾನಲ್ಲಿ ಬರುತ್ತೇವೆ. ಲೇಪನದ ಪಟ್ಟಿಗೆ ಸೂಜಿ ಹಾಕಿದರೆ ತೂತಿನಲ್ಲಿ ನೀರು ಇಳಿಯುತ್ತದೆ, ಹಾಗಾಗಿ ಹೊಲಿಯದೆ ರಿವೆಟ್, ಅಂದರೆ ತೂತನ್ನೂ ಮುಚ್ಚುವ ಲೋಹದ ಗುಂಡಿ, ಒತ್ತುತ್ತಾರೆ. ಒತ್ತುವವಳು ಅವಳು. ಒಂದು ಕೈಯಲ್ಲಿ ಸಿಹಿ, ಇನ್ನೊಂದು ಕೈಯಲ್ಲಿ ಕತ್ತು ಕೆರೆದುಕೊಳ್ಳುತ್ತಾ ಅವಳು ಹೇಳಿದಳು:

"ಕನ್ನಡದಾಗೆ ಮೂಕ, ತಮಿಳ್ನಾಗೆ ಮೂಕ್ಕು ಅಂದ್ರೆ ಮೂಗು. ಬಾಯಿ ಬಿಡ್ದೆ ಮೂಸ್ತೀಯಲ್ಲ, ಈ ಮೂಕಂಡಪಲ್ಲಿನ ನಿಂಗೇ ಅಂತ ಕಟ್ಟವ್ರೆ ಕಣವ್ವಾ."

ಅವಳು ಹೇಳಿದ್ದು ಸುಳ್ಳಲ್ಲ. ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್, ಮನೆಯಲ್ಲಿ ಇಂಗ್ಲಿಷ್ ಮಾತಾಡಿದರೆ ನಗು. ನಾನು ಎರಡೂ ಕಡೆ ಸುಮ್ಮನಿರುವುದನ್ನು ಕಲಿತವಳು. ಅಜ್ಜಿಗೆ ಮಾತ್ರ ಕೆಲಸದ ವಿಷಯ ಹೇಳಲೇಬೇಕಾಯಿತು. ಅವಳು ಪೂರ್ತಿ ಕೇಳಿಸಿಕೊಂಡು, ಎಲೆಅಡಿಕೆ ಉಗಿದು ಬಂದು ಕೂತಳು.

"ಬೆಲ್ಟು ನಾಯಿಗೆ. ಮೂಸೋದು ನೀನು. ಆ ನಾಯಿ ಏನೇ ಮಾಡ್ತದೆ, ಇಂಗ್ಲಿಷ್ ಓದ್ತದಾ?"

ಫೀಲ್ಡ್ ಟ್ರಯಲ್

ಬಕೆಟ್‌ನ ಪರೀಕ್ಷೆ ಸಾಲದು, ಕಾಡು, ಮಳೆ, ನಿಜವಾದ ನಾಯಿ ಎಲ್ಲ ಬೇಕು ಅಂದರು ಮ್ಯಾನೇಜರ್. ನಮ್ಮ ದೊಡ್ಡಪ್ಪನಿಗೆ ಜವಳಗಿರಿಯಲ್ಲಿ ಕಾಡಂಚಿನ ಹೊಲ, ಒಂದು ನಾಯಿಯೂ ಉಂಟು. ಕತ್ತಲಲ್ಲೂ ಮಿಂಚುವ ಕಿತ್ತಳೆ ಬಣ್ಣದ ಬೆಲ್ಟೊಂದನ್ನು ಕೊಟ್ಟು, "ಮಳೆ ಮುಗಿಯೋವರೆಗೂ ಬಿಚ್ಚಬೇಡ ದೊಡ್ಡಪ್ಪ" ಅಂತ ಹೇಳಿ ಬಂದೆ.

ಮಳೆ ಮುಗಿದ ಮೇಲೆ ಹೋದೆ. ನಾಯಿಯ ಕೊರಳಲ್ಲಿ ಹಳೇ ಸೆಣಬಿನ ಹಗ್ಗ ಇತ್ತು.

"ಬೆಲ್ಟ್ ಎಲ್ಲಿ?"

"ಆನೆ ಬಂದ್ರೆ ಕಾಣಬಾರ್ದು ಅಂತ ನಾವು ಬೀಡೀನೂ ಹಚ್ಚಲ್ಲ. ಮಿಂಚೋದನ್ನ ನಾಯಿ ಕತ್ಗೆ ಹಾಕಿ ಆನೇಗೆ ದಾರಿ ತೋರಿಸ್ಲಾ?"

"ಮತ್ತೆ ಏನು ಮಾಡಿದೆ?"

ದೊಡ್ಡಪ್ಪ ಶರ್ಟು ಎತ್ತಿದ. ಪ್ಯಾಂಟಿನ ಸುತ್ತ ನಮ್ಮ ಕಿತ್ತಳೆ ಬಣ್ಣ. ಸಾಲದ್ದಕ್ಕೆ ಎರಡು ಬೆಲ್ಟನ್ನು ಸೇರಿಸಿ ಉದ್ದ ಮಾಡಿದ್ದ. ಇನ್ನೊಂದನ್ನು ನನ್ನ ಚೀಲದಿಂದ ಯಾವಾಗ ಎತ್ತಿಕೊಂಡನೋ ನನಗೆ ಗೊತ್ತಿಲ್ಲ.

"ನೀನು ಹೇಳ್ದಂಗೆ ಬಿಚ್ಚಿಲ್ಲ. ಬೆಲ್ಟ್‌ಗೆ ಏನೂ ಆಗಿಲ್ಲ ಅಂತ ನಿಮ್ ಸಾರ್‌ಗೆ ಹೇಳು. ಪ್ಯಾಂಟೇ ಹೋಗ್ಬುಡ್ತು."

ಮಾರನೇ ದಿನ ವ್ಯಾನಲ್ಲಿ ಇದನ್ನು ಕೇಳಿ ಎಲ್ಲರೂ ನಕ್ಕರು. ರಿವೆಟ್ ಅಕ್ಕ ಮಾತ್ರ ಕೇಳಿದಳು, "ತುರಿಕೆ ಆಯ್ತಂತಾ ನಿಮ್ ದೊಡ್ಡಪ್ಪಂಗೆ?"

"ಇಲ್ಲಕ್ಕ."

"ಅವ್ರು ಪುಣ್ಯ ಮಾಡವ್ರೆ. ನಾಯೀದು ಹಾಕ್ಕಂಡವ್ರೆ."

ಆಗಲೇ ನಾನು ಅವಳ ಕೊರಳನ್ನು ಸರಿಯಾಗಿ ನೋಡಿದ್ದು.

ತಾಳಿ, ಟ್ಯಾಗು

ನಮಗೆಲ್ಲ ಐಡಿ ಕಾರ್ಡ್ ತೂಗುಹಾಕಲು ಒಂದು ಕೆಂಪು ರಿಬ್ಬನ್ ಕೊಟ್ಟಿದ್ದರು, ಅದನ್ನೇ ಟ್ಯಾಗ್ ಅನ್ನುತ್ತೇವೆ. ಬೆವರು ತಾಕಿದರೆ ಬಣ್ಣ ಬಿಡುತ್ತದೆ, ಅಂಚು ಗರಗಸದ ಹಾಗೆ. ಪ್ರೆಸ್ಸಿನ ಬಿಸಿಯಲ್ಲಿ ದಿನವಿಡೀ ನಿಲ್ಲುವ ಅಕ್ಕನ ಕೊರಳ ಸುತ್ತ ಕೆಂಪಗೆ ಒಂದು ಗೆರೆ, ಅಲ್ಲಲ್ಲಿ ಹಸಿ ಗಾಯ. ಕೊರಳಿಗೆ ಏನೂ ಹಾಕಬೇಡ ಅಂತ ಡಾಕ್ಟರು ಹೇಳಿದ್ದರು.

"ಏನೂ ಹಾಕ್ದೆ ಎಂಗವ್ವಾ? ತಾಳಿ ತೆಗೆದ್ರೆ ನಮ್ಮತ್ತೆ ಮನೆಗೆ ಸೇರ್ಸಲ್ಲ. ಟ್ಯಾಗ್ ತೆಗೆದ್ರೆ ಈ ಮ್ಯಾನೇಜರ್ರು ಗೇಟಿಗೆ ಸೇರ್ಸಲ್ಲ. ತಾಳಿನಾದ್ರೂ ಬಿಚ್ಚಿ ಸೆರಗಿಗೆ ಕಟ್ಕಂಡಿವ್ನಿ. ಗಂಡ ಎದುರಿಗೆ ಕೂತು ಮುದ್ದೆ ನುಂಗ್ತಾ ಇದ್ರೂ ನಮ್ಮತ್ತೆ ನನ್ ನೋಡಿ ಅಳ್ತಾವ್ಳೆ."

ಟ್ಯಾಗನ್ನು ಸೊಂಟಕ್ಕೆ ಪಿನ್ ಮಾಡಿಕೊಂಡು ಬಂದ ದಿನ ಅವಳನ್ನು ಗೇಟಿನಿಂದಲೇ ಮನೆಗೆ ಕಳಿಸಿದರು. ಇನ್ನೊಂದು ಸಲ ಹೀಗೆ ಆದರೆ ಬರುವುದೇ ಬೇಡ ಅಂದರು. ಆಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ನಿಂಗೆ ಇಂಗ್ಲಿಷ್ ಬತ್ತದೆ. ಇಂಗ್ಲಿಷ್ನಾಗೆ ಹೇಳಿದ್ರೆ ಇವ್ರು ಕೇಳ್ತಾರೆ. ಸಾರ್‌ನ ಒಂದ್ ಮಾತು ಕೇಳವ್ವಾ. ಇಲ್ಲಾಂದ್ರೆ ನಾನು ಬಿಟ್‌ಬುಡ್ತೀನಿ."

ಬಿಟ್ಟರೆ ಅವಳಿಗೆ ಉಳಿಯುವುದು ರೋಸ್ ತೋಟದ ಕೂಲಿ. ಕೊರಳು ಉಳಿದರೂ ಮುಳ್ಳಿಗೆ ಕೈ ಹೋಗುತ್ತದೆ.

ನಾನು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ನಾಯಿಯ ಬೆಲ್ಟಿಗೆ ಮಾಡುವ ಹಾಗೆ, ಒದ್ದೆ ಬಿಳಿ ಬಟ್ಟೆಯಿಂದ ಅಕ್ಕನ ರಿಬ್ಬನ್ ಉಜ್ಜಿದೆ. ಬಟ್ಟೆ ಕೆಂಪಾಯಿತು. ಬಟ್ಟೆ ಹಿಡಿದು, ಅಕ್ಕನನ್ನೂ ಕರೆದುಕೊಂಡು ಮ್ಯಾನೇಜರ್ ಹತ್ತಿರ ಹೋಗಿ, "ಸಾರ್, ಇದು ಫೇಲ್" ಅಂದೆ.

ಅವರು ಗಾಬರಿಯಾಗಿ ಎದ್ದೇ ನಿಂತರು. "ಯಾವ ಆರ್ಡರ್?"

"ನಮ್ಮ ಟ್ಯಾಗ್ ಸಾರ್."

ಕೂತರು. "ಅದು ಪ್ರಾಡಕ್ಟ್ ಅಲ್ಲಮ್ಮಾ. ನಾಯಿಗೆ ಬಾಯಿಲ್ಲ, ಕತ್ತು ಉರಿದ್ರೆ ಹೇಳಕ್ಕಾಗಲ್ಲ, ಅದಕ್ಕೇ ನಾವು ಟೆಸ್ಟ್ ಮಾಡ್ತೀವಿ. ಮನುಷ್ಯರಿಗೆ ಟೆಸ್ಟ್ ಯಾಕೆ? ಅವರೇ ಬಾಯಿಬಿಟ್ಟು ಹೇಳಬಹುದು."

ಅಕ್ಕ ಹೇಳಿದಳು, "ನಾನು ಹೇಳ್ತಾ ಇವ್ನಲ್ಲ ಸಾರ್."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ನೋಡಿ, ಈ ಲೇಡೀಸ್‌ಗೆ ಬಾಯಿ ಜಾಸ್ತಿ."

ಮೀಟಿಂಗ್

ಆ ವಾರವೇ ಮೆಟೀರಿಯಲ್ ಆರಿಸುವ ಮೀಟಿಂಗ್ ಇತ್ತು. ಎರಡು ಮಾತು ಹೇಳಬೇಕು ಅಂತ ನಿರ್ಧರಿಸಿ ಹೋಗಿದ್ದೆ. ಒಂದು, ಲೇಪನದ ಪಟ್ಟಿಯನ್ನು ಕತ್ತರಿಸಿದ ತುದಿ ಬಾಯಿ ತೆರೆದುಕೊಂಡಿರುತ್ತದೆ, ನೀರು ಅಲ್ಲಿಂದ ಒಳಗೆ ಹೋಗುತ್ತದೆ, ತುದಿಯನ್ನು ಬಿಸಿ ಮಾಡಿ ಮುಚ್ಚಬೇಕು. ಎರಡು, ಇದೇ ಪಟ್ಟಿಯ ಚೂರುಗಳಲ್ಲಿ ನಮ್ಮ ಟ್ಯಾಗ್ ಮಾಡಬಹುದು.

ಮೊದಲನೆಯದನ್ನು ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ. ಫ್ಯಾನಿನ ಸದ್ದು ಜಾಸ್ತಿ ಇರಬೇಕು ಅಂದುಕೊಂಡು ಮತ್ತೆ ಹೇಳಿದೆ. ಪಕ್ಕದಲ್ಲಿದ್ದ ಮಾರ್ಕೆಟಿಂಗ್‌ನವರಿಗೆ ಮಾತ್ರ ಕೇಳಿಸಿತು. ಅವರು ಕುರ್ಚಿ ಹಿಂದೆ ತಳ್ಳಿ ಎದ್ದು, ಗಟ್ಟಿಯಾಗಿ, "ಸಾರ್, ಒಂದು ಐಡಿಯಾ! ತುದಿಯಿಂದ ನೀರು ಹೋಗುತ್ತೆ. ಬಿಸಿ ಮಾಡಿ ಸೀಲ್ ಮಾಡೋಣ!" ಅಂದರು.

ಎಲ್ಲರೂ ಮೇಜು ತಟ್ಟಿದರು. ನಾನೂ ತಟ್ಟಿದೆ. ಐಡಿಯಾ ಚೆನ್ನಾಗಿತ್ತಲ್ಲ.

ಎರಡನೆಯದನ್ನು ನಾನು ಪಿಸುಗುಟ್ಟಿ ಅವರ ಕಿವಿಗೇ ಹಾಕಿದೆ. ಹೇಗೂ ಅವರು ಹೇಳಿದರೆ ನಡೆಯುತ್ತದೆ. ಅವರು ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, ನನಗೇ ಪಿಸುಗುಟ್ಟಿದರು: "ಅದು ನಿಮ್ಮ ಐಡಿಯಾ, ನೀವೇ ಹೇಳಿ."

ಅಷ್ಟರಲ್ಲಿ ಮೀಟಿಂಗ್ ಮುಗಿಯಿತು. ಬಾಗಿಲ ಹತ್ತಿರ ಮ್ಯಾನೇಜರ್ ನನ್ನನ್ನು ನಿಲ್ಲಿಸಿ ಅಪ್ಪನ ಹಾಗೆ ಹೇಳಿದರು: "ಬರೀ ಮೂಸ್ತಾ ಕೂತ್ಕೋಬೇಡಿ. ಅವರ ಹಾಗೆ ಸ್ವಲ್ಪ ಯೋಚನೆ ಮಾಡೋದು ಕಲೀರಿ."

ಸಂಪ್ರದಾಯ

ಹೊರದೇಶದಿಂದ ಬೈಯರ್ ಬಂದರು. ಎತ್ತರದ ಹೆಂಗಸು, ಕತ್ತಲ್ಲಿ ತಮ್ಮ ನಾಯಿಯ ಫೋಟೋ ಇರುವ ಲಾಕೆಟ್. ನನ್ನ ಕೆಲಸ ಸ್ಯಾಂಪಲ್ ಟ್ರೇ ಹಿಡಿದು ಹಿಂದೆ ನಡೆಯುವುದು. "ಮಾತು ನಾವು ನೋಡ್ಕೋತೀವಿ, ನೀವು ಟ್ರೇ ನೋಡ್ಕೊಳ್ಳಿ" ಅಂತ ಮ್ಯಾನೇಜರ್ ಮೊದಲೇ ಹೇಳಿದ್ದರು.

ಆಯಮ್ಮ ಪ್ರತಿ ಬೆಲ್ಟಿನ ಒಳಬದಿಯನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡಿದರು. ಅಂಚು ಚುಚ್ಚುತ್ತದಾ, ಬಣ್ಣ ಬಿಡುತ್ತದಾ, ಸೆಖೆಗೆ ಬೊಕ್ಕೆ ಬರುತ್ತದಾ, ಎಲ್ಲ ಕೇಳಿದರು. ಕೇಳುತ್ತಾ ರಿವೆಟ್ ಪ್ರೆಸ್ ಹತ್ತಿರ ಬಂದು ನಿಂತರು. ಅಕ್ಕನ ಕೊರಳು ಕಂಡಿತು.

"ಆ ಕೆಂಪು ಏನು?"

ಮ್ಯಾನೇಜರ್ ಕಣ್ಣು ಮಿಟುಕಿಸಲಿಲ್ಲ. "ಕುಂಕುಮ ಮೇಡಂ. ಮದುವೆಯಾದ ಹೆಂಗಸರು ಹಚ್ಚಿಕೊಳ್ತಾರೆ. ನಮ್ಮ ಸಂಪ್ರದಾಯ."

"ಎಷ್ಟು ಚೆನ್ನಾಗಿದೆ!" ಅಂತ ಆಯಮ್ಮ ಕೈ ಎದೆಗಿಟ್ಟುಕೊಂಡು, ಫೋನ್ ತೆಗೆದು, ಅಕ್ಕನ ಗಾಯದ ಫೋಟೋ ತೆಗೆದರು. ಅಕ್ಕನಿಗೆ ಇಂಗ್ಲಿಷ್ ಬಾರದು. ಫೋಟೋ ತೆಗೆಯುತ್ತಿದ್ದಾರೆ ಅಂತ ಸೆರಗು ಸರಿಮಾಡಿಕೊಂಡು, ಕತ್ತು ನೆಟ್ಟಗೆ ಮಾಡಿ, ನಕ್ಕಳು.

ಅವಳ ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಟ್ರೇಯನ್ನು ಪಕ್ಕಕ್ಕಿಟ್ಟೆ. ಪ್ರೆಸ್ಸಿನ ಸದ್ದಿನ ಮೇಲೆ ನನ್ನ ದನಿ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಇಂಗ್ಲಿಷಿನಲ್ಲಿ ಹೇಳಿದೆ: "ಅದು ಕುಂಕುಮ ಅಲ್ಲ. ಅದು ಟ್ಯಾಗಿನ ಬಣ್ಣ, ಟ್ಯಾಗಿನ ಗಾಯ. ನಿಮ್ಮ ನಾಯಿಗೆ ಮಾಡುವ ಟೆಸ್ಟಿನಲ್ಲಿ ಅದು ಫೇಲ್ ಆಗಿದೆ."

ಪ್ರೆಸ್ಸು ನಿಂತಿತು. ಆಯಮ್ಮ ಮ್ಯಾನೇಜರನ್ನು ನೋಡಿದರು. ಮ್ಯಾನೇಜರ್ ಮಾರ್ಕೆಟಿಂಗ್‌ನವರನ್ನು ನೋಡಿದರು. ಮಾರ್ಕೆಟಿಂಗ್‌ನವರು ಮೊದಲ ಬಾರಿಗೆ ನನ್ನ ಮಾತನ್ನು ಗಟ್ಟಿಯಾಗಿ ಮತ್ತೆ ಹೇಳಲಿಲ್ಲ.

ಇಫ್ ಲಾಸ್ಟ್

ಟ್ಯಾಗ್ ಬದಲಾಯಿಸುವವರೆಗೂ ಆರ್ಡರ್ ಇಲ್ಲ ಅಂತ ಆಯಮ್ಮ ಹೇಳಿ ಹೋದರು. ಹೊಸ ಟ್ಯಾಗ್ ಬೇಗ ಬಂತು. ನನಗೂ ಒಂದು ಆರ್ಡರ್ ಬೇಗ ಬಂತು: ಇನ್ನು ಮುಂದೆ ಬೈಯರ್ ಬಂದ ದಿನ ನಾನು ರಜೆ ಹಾಕಬೇಕು, ಸಂಬಳವಿಲ್ಲದೆ.

ಟ್ಯಾಗಿನ ಪಟ್ಟಿ ಮಾತ್ರ ನಿಜವಾಗಿಯೂ ಒಳ್ಳೆಯದು. ನೀಲಿ, ಮೆತ್ತಗೆ, ದುಂಡನೆಯ ಅಂಚು, ನಲ್ಲಿಗೆ ಹಿಡಿದರೆ ಕ್ಲೀನ್. ನಾನೇ ಮೂಸಿ ಪಾಸ್ ಮಾಡಿದ ಮಾಲು. ನೀಲಿ ಸ್ವಲ್ಪ ಗಾಢವಾಯಿತು ಅಂತ ಯಾವುದೋ ದೇಶದವರು ಬೇಡವೆಂದ ರೋಲನ್ನು ತುಂಡು ಮಾಡಿ ಎಲ್ಲರಿಗೂ ಹಾಕಿದ್ದರು. ಅಕ್ಕನ ಕೊರಳು ಮೆಲ್ಲಗೆ ಒಣಗಿತು. ತಾಳಿ ಸೆರಗಿನಿಂದ ಕೊರಳಿಗೆ ವಾಪಸ್ ಬಂತು. ಅತ್ತೆ ಅಳು ನಿಲ್ಲಿಸಿ ಬೈಗುಳ ಶುರು ಮಾಡಿದಳು. ಎಲ್ಲ ಮಾಮೂಲಿಗೆ ಬಂತು.

ರೋಲಿನ ಮೇಲೆ ಉಬ್ಬು ಅಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು ಇತ್ತು. ನಾಯಿಗಾಗಿ ಹಾಕಿದ್ದು. ಅದರ ಕೆಳಗೆ ಫೋನ್ ನಂಬರಿಗೆ ಬಿಟ್ಟ ಜಾಗದಲ್ಲಿ, ಎಮರ್ಜೆನ್ಸಿಗೆ ಇರಲಿ ಅಂತ, ಮ್ಯಾನೇಜರ್ ಮೊಬೈಲ್ ನಂಬರ್ ಒತ್ತಿಸಿದ್ದರು. ನಾನು ಹೋಗಿ, "ಸಾರ್, ಮೇಲೆ ಬರೆದಿರೋದು..." ಅಂದೆ.

"ಯಾರಮ್ಮಾ ಓದ್ತಾರೆ ಅದನ್ನ?" ಅಂದರು ಅವರು.

ಓದಿಸಿದವಳು ಅಕ್ಕ. ಊಟದ ಹೊತ್ತಲ್ಲಿ, ತೊಳೆದು ಒರೆಸಿದ ಟ್ಯಾಗನ್ನು ನನ್ನ ಮುಂದೆ ಹಿಡಿದಳು. "ಏನೋ ಬರ್ದವ್ರೆ, ಏನವ್ವಾ ಅದು? ನನ್ ಎಸ್ರಾ?"

ಸುಳ್ಳು ಹೇಳೋಣ ಅನ್ನಿಸಿತು. ಅವಳ ಕೊರಳಿನ ಮಾಸಿದ ಗೆರೆ ನೋಡಿ ಹೇಳಲಿಲ್ಲ. "ನಾನು ಕಳೆದುಹೋದರೆ ನನ್ನ ಮನುಷ್ಯನಿಗೆ ಫೋನ್ ಮಾಡಿ ಅಂತ ಇದೆ ಅಕ್ಕ. ನಾಯಿಗೆ ಬರೆದಿದ್ದು, ಸಾಕಿದವರನ್ನ ಹಾಗಂತಾರೆ."

ಅಕ್ಕ ಕೋಪ ಮಾಡಿಕೊಳ್ಳಲಿಲ್ಲ. ಅನ್ನ ಕಲಸುತ್ತಾ ಯೋಚನೆ ಮಾಡಿದಳು. "ಕಳ್ದೋಗಕ್ಕೆ ರಜ ಯಾರ್ ಕೊಡ್ತಾರೆ? ಅದಿರ್ಲಿ, ಯಾರಂತವ್ವಾ ಆ ಮನುಷ್ಯ?"

"ಕೆಳಗಿರೋದು ಸಾರ್ ನಂಬರ್."

ಅಕ್ಕ ಸಾರ್ ಕೂರುವ ಗಾಜಿನ ಕ್ಯಾಬಿನ್ ಕಡೆ ನೋಡಿದಳು. ಆಮೇಲೆ ಟ್ಯಾಗನ್ನು ಕೊರಳಿಗೆ ಹಾಕಿಕೊಂಡು ತುತ್ತು ಬಾಯಿಗಿಟ್ಟಳು.

"ಅದ್ಕೇ ಇಂಗ್ಲಿಷ್ನಾಗೆ ಬರ್ಸವ್ರೆ ಕಣವ್ವಾ. ಅವ್ನು ಮನುಷ್ಯ ಅಂತ ನಮ್ ಭಾಷೆನಾಗೆ ಬರ್ದಿದ್ರೆ ಯಾರ್ ನಂಬ್ತಿದ್ರು?"