ಹನ್ನೆರಡು ಬಳ್ಳಿಗೆ ನಾಕು ಮೋಲ್ ಸುಣ್ಣ

ನಂಬದೇ ಇರಿ ನೋಡೋಣ! ಮೂವತ್ತು ವರ್ಷ ಕಾಲೇಜಲ್ಲಿ ಕೆಮಿಸ್ಟ್ರಿ ಹೇಳ್ಕೊಟ್ಟ ನಾನು ಒಂದು ಬಕೆಟ್ ಸುಣ್ಣದ ಕೈಲಿ ಸೋತು ಹೋಗ್ಬುಟ್ಟೆ. ತಾಕತ್ತಿದ್ರೆ ಸುಳ್ಳು ಅನ್ನಿ.

ಆಲೂರು ಕಡೆ ಗುಡ್ಡದ ಮೇಲೆ ನಮ್ದೊಂದು ಚಿಕ್ಕ ಕಾಫಿ ತೋಟ. ಅದ್ರಲ್ಲಿ ಹನ್ನೆರಡು ಮೆಣಸಿನ ಬಳ್ಳಿ ನನ್ನ ಹೆಂಡ್ತಿ ಗೌರಮ್ಮಂದು. ಅವರವ್ವ ಸಾಯೋ ವರ್ಷ ಯಸಳೂರಿನ ತವರಿಂದ ಕೈಯಾರೆ ಕುಯ್ದು ಕೊಟ್ಟಿದ್ದು. ಆಮೇಲೆ ತವರಿನ ತೋಟಕ್ಕೆ ಸೊರಗು ರೋಗ ಬಂದು ಅಲ್ಲಿ ಒಂದೂ ಉಳೀಲಿಲ್ಲ. ಆ ಜಾತಿ ಅಂತ ಮಿಕ್ಕಿದ್ದು ನಮ್ಮ ಹನ್ನೆರಡೇ. ಅದ್ಕೆ ಮಳೆ ಹಿಡಿಯೋ ಮುಂಚೆ ಅವಳು ತಪ್ಪದೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡಿಸ್ತಾಳೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ.

"ಒಂದಕ್ಕೊಂದು ಅಂತ ಯಾರೇ ಹೇಳಿದ್ದು?" ಅಂದೆ.

"ನಮ್ಮವ್ವ."

"ನಿಮ್ಮವ್ವ ಮೋಲ್ ಓದಿದ್ರಾ? ತೂಕ ಅಲ್ಲ ಕಣೆ, ಕಣಗಳ ಎಣಿಕೆ ನೋಡ್ಬೇಕು. ಮೋಲ್ ಅಂದ್ರೆ ಡಜನ್ ಇದ್ದಂಗೆ. ಒಂದು ಡಜನ್ ತೆಂಗಿನಕಾಯಿಗೂ ಒಂದು ಡಜನ್ ನಿಂಬೆಹಣ್ಣಿಗೂ ತೂಕ ಒಂದೇನಾ? ಮೈಲುತುತ್ತ ಒಂದು ಮೋಲ್ ಅಂದ್ರೆ ಇನ್ನೂರೈವತ್ತು ಗ್ರಾಂ. ಅದ್ರಲ್ಲಿ ತೊಂಬತ್ತು ಗ್ರಾಂ ಬರೀ ನೀರು! ಒಂದು ಕೆಜಿಗೆ ನಾಕು ಮೋಲ್, ಅದ್ಕೆ ಸುಣ್ಣಾನೂ ನಾಕೇ ಮೋಲ್ ಸಾಕು. ಸುಟ್ಟ ಸುಣ್ಣ ಒಂದು ಮೋಲ್ ಐವತ್ತಾರು ಗ್ರಾಂ. ಐವತ್ತಾರ್ ನಾಕ್ಲಿ ಇನ್ನೂರಿಪ್ಪತ್ನಾಕು. ಮುಗೀತು!"

"ನಿಮ್ಮ ಮೋಲ್ ಕಾಲೇಜಲ್ಲಿ ಇಟ್ಕೊಳ್ರೀ. ನನ್ನ ಬಳ್ಳಿ ತಂಟೆಗೆ ಬರಬೇಡಿ."

ಇಂಥಾ ಮಾತು ಕೇಳಿ ಸುಮ್ನಿರೋ ಜಾಯಮಾನ ನಂದಲ್ಲ. ಅವಳು ಕಾಫಿ ಕಾಯಿಸೋಕೆ ಒಳಗೆ ಹೋದ್ಲು. ಅಳೆದಿಟ್ಟ ಸುಣ್ಣದಲ್ಲಿ ಇನ್ನೂರಿಪ್ಪತ್ನಾಕು ಗ್ರಾಂ ಬಿಟ್ಟು ಮಿಕ್ಕಿದ್ದನ್ನೆಲ್ಲ ಚೀಲಕ್ಕೆ ವಾಪಸ್ ಸುರಿದ್ಬುಟ್ಟೆ! ಕಲಸಿ ಡ್ರಮ್ಮಿಗೆ ಹುಯ್ದೂ ಆಯ್ತು. ಮಳೆಗಾಲ ಮುಗಿದ್ಮೇಲೆ, "ನೋಡೇ, ಕಾಲು ಭಾಗ ಸುಣ್ಣಕ್ಕೇ ಬಳ್ಳಿ ಹೆಂಗೈತೆ!" ಅಂತ ಮೀಸೆ ತಿರುವೋದು ನನ್ನ ಮಹಾಯೋಜನೆ.

ಒಳಗಿಂದ ಕೂಗಿದ್ಲು, "ರೀ, ಕುಡುಗೋಲು ಅದ್ದಿ ನೋಡಿದ್ರಾ?"

ಉಜ್ಜಿದ ಕುಡುಗೋಲು ಅದ್ದಿದಾಗ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು, ಹೊಡೆದ್ರೆ ಗಿಡ ಸುಡುತ್ತೆ ಅಂತ ಅರ್ಥ. ನಮ್ಮ ಕಡೆ ಎಲ್ಲರೂ ನೋಡ್ತಾರೆ. ಲೆಕ್ಕ ಗೊತ್ತಿರೋನಿಗೆ ಕುಡುಗೋಲು ಯಾಕೆ? ಅದ್ದಲೇ ಇಲ್ಲ.

"ನೋಡಿದೆ, ಬೆಳ್ಳಗೈತೆ!" ಅಂದೆ.

ಔಷಧಿ ಹೊಡೆಯೋ ರಫೀಕ್ ಬಂದು ಎಲೆಗೆ ಹೊಡೆದ, ಬುಡಕ್ಕೂ ಹುಯ್ದ.

"ಏನ್ ಮೇಷ್ಟ್ರೇ, ಈ ಸಲ ಹಾಲಿನಂಗೆ ಬಂದಿಲ್ಲ, ತಿಳಿ ನೀಲಿ ಐತೆ?"

"ಶುದ್ಧ ವಿಜ್ಞಾನದ ಬಣ್ಣ ಕಣೋ ಅದು!"

ಐದನೇ ದಿನಕ್ಕೆ ಎಲೆ ಸುಟ್ಟ ಕಾಗದ. ತಿಂಗಳಿಗೆ ಹನ್ನೆರಡೂ ಬಳ್ಳಿ ಬರೀ ಹಗ್ಗ.

ಲೆಕ್ಕ ತಪ್ಪಿರಲಿಲ್ಲ ಕಣ್ರೀ! ಸುಣ್ಣ ಕೆಟ್ಟಿತ್ತು. ಬಾಯಿ ಬಿಚ್ಚಿದ ಚೀಲದಲ್ಲಿ ಹೋದ ವರ್ಷದಿಂದ ಗಾಳಿ ಕುಡಿದು ಮುಕ್ಕಾಲು ಪಾಲು ಸತ್ವ ಕಳ್ಕೊಂಡಿತ್ತು. ಗೌರಮ್ಮನ ಒಂದು ಕೆಜಿಯಲ್ಲಿ ಅದಕ್ಕೂ ಜಾಗ ಇತ್ತು, ನನ್ನ ಲೆಕ್ಕದಲ್ಲಿ ಇರಲಿಲ್ಲ. ಗಾಳಿಗೆ ಸುಣ್ಣ ಕೆಡುತ್ತೆ ಅಂತ ವರ್ಷಾ ವರ್ಷ ಬೋರ್ಡ್ ಮೇಲೆ ಬರೆದು ಮಕ್ಕಳ ಕಿವಿ ಹಿಂಡಿದೋನು ನಾನು!

ಗೌರಮ್ಮ ಬೈಲಿಲ್ಲ. ಒಣಗಿದ ಬಳ್ಳಿನ ಒಂದೊಂದೇ ಮರದಿಂದ ಬಿಡಿಸ್ತಾ ಕೇಳಿದ್ಲು, "ಅದ್ದಿ ನೋಡಿದೆ ಅಂದ್ರಲ್ಲ?"

"ಇಲ್ಲ ಕಣೆ. ಅದ್ದಿರಲಿಲ್ಲ."

"ಹೋಗ್ಲಿ ಬಿಡಿ. ಗೊತ್ತಿಲ್ದೆ ಆಗಿದ್ದು."

ಕುಡುಗೋಲು ಅದ್ದಲಿಲ್ಲ ಅಂತ ನಿಮಗೂ ಹೇಳಿದೆ. ಇಷ್ಟರಲ್ಲಿ ಸುಳ್ಳು ಅದೊಂದೇ. ಅದ್ದಿದ್ದೆ. ಕೆಂಪಗಿತ್ತು. ಮೇಷ್ಟ್ರ ಲೆಕ್ಕ ತಪ್ಪೋಕೆ ಸಾಧ್ಯಾನಾ ಅಂತ ಪಂಚೆಗೆ ಒರೆಸ್ಬುಟ್ಟೆ!