ರಾಜ್ಯ ತಂಡದಲ್ಲಿ ನನ್ನದೊಂದು ಕುರ್ಚಿ

ಫುಟ್‌ಬಾಲ್ ಆಡುವವರಿಗೆ ಮಂಡಿ ಒಡೆಯುತ್ತೆ, ಪಾದ ಉಳುಕುತ್ತೆ, ಹಲ್ಲು ಉದುರುತ್ತೆ. ಆಡದೆ ಕೂತವನಿಗೆ ಅಂಥದ್ದೇನೂ ಆಗಲ್ಲ. ಅವನಿಗೆ ಆಗೋದೆಲ್ಲ ಈಗ ನಾನು ಹೇಳ್ತೀನಲ್ಲ, ಇಂಥವೇ. ಒಂದು ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತೆ.

ನಾನು ನಮ್ಮ ರಾಜ್ಯ ಫುಟ್‌ಬಾಲ್ ತಂಡದ ಎರಡನೇ ಗೋಲ್‌ಕೀಪರ್ ಆಗಿದ್ದೆ. ಅಂದರೆ ಮೊದಲನೇ ಕೀಪರ್‌ಗೆ ಏನಾದರೂ ಆದರೆ ಮಾತ್ರ ಒಳಗೆ ಹೋಗುವವನು. ನಮ್ಮ ಮೊದಲನೆಯವನಿಗೆ ಏನೂ ಆಗುತ್ತಿರಲಿಲ್ಲ. ಎಂಟು ವರ್ಷ ರಾಜ್ಯದ ಜೆರ್ಸಿ ಹಾಕ್ಕೊಂಡು, ಗ್ಲೌಸ್ ತೊಟ್ಟು, ಕೂತು, ಎದ್ದು, ಮನೆಗೆ ಬಂದಿದ್ದೀನಿ. ನನಗೆ ಹಾರ ಬೇಡ, ಶಾಲು ಬೇಡ. ಆ ಸುಣ್ಣದ ಗೆರೆ ದಾಟಿ ಒಳಗೆ ಹೋಗಿ ಒಂದೇ ಒಂದು ನಿಮಿಷ ಆಡಬೇಕು ಅನ್ನೋದೇ ನನ್ನ ಹಟ ಆಗಿತ್ತು.

ಎಕ್ಸ್‌ಟ್ರಾ

ನಮ್ಮಪ್ಪ ಹೊಸಕೋಟೆಯ ಒಂದು ಆಫೀಸಿನಲ್ಲಿ ಅಟೆಂಡರ್ ಆಗಿದ್ದವರು. ಮೂವತ್ತು ವರ್ಷ ಸಾಹೇಬರ ಬಾಗಿಲ ಪಕ್ಕ ನಿಂತೂ ನಿಂತೂ ರಿಟೈರ್ ಆಗಿ, ಈಗ ಸೂಲಿಬೆಲೆ ಪಕ್ಕದ ನಮ್ಮೂರಲ್ಲಿ ಎರಡು ಹಸು ಕಟ್ಟಿಕೊಂಡಿದ್ದಾರೆ. ಅವರ ಪ್ರಕಾರ ಪ್ರಪಂಚದಲ್ಲಿ ಇರೋದು ಎರಡೇ ಥರದ ಜನ. ಕೂರುವವರು, ನಿಲ್ಲುವವರು. ಕೂರುವವರು ದೊಡ್ಡವರು.

ನಾನು ತಂಡಕ್ಕೆ ಸೇರಿದ ಮೊದಲ ವರ್ಷ ಅಪ್ಪ ಮ್ಯಾಚ್ ನೋಡೋಕೆ ಬೆಂಗಳೂರಿಗೆ ಬಂದ್ರು. ಹನ್ನೊಂದು ಜನ ಉರಿಬಿಸಿಲಲ್ಲಿ ಬಿದ್ದು ಎದ್ದು ಓಡ್ತಾ ಇದ್ದಾರೆ. ನಾನು ನೆರಳಲ್ಲಿ ಕುರ್ಚಿ ಮೇಲೆ ಕೂತಿದ್ದೀನಿ, ಕೈಯಲ್ಲಿ ನೀರಿನ ಬಾಟ್ಲಿ. ಪಕ್ಕದಲ್ಲೇ ಕೋಚ್ ಸಾಹೇಬರು. ಅಪ್ಪನಿಗೆ ಕಣ್ಣು ತುಂಬಿ ಬಂತಂತೆ.

ಮಾರನೇ ದಿನ ಬೆಳಗ್ಗೆ ಹಾಲಿನ ಡೈರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತವರಿಗೆಲ್ಲ ಅಪ್ಪ ಹೇಳಿದ್ದು ಇಷ್ಟು: "ಇಪ್ಪತ್ತು ಜನಾನ ಆರಿಸವ್ರೆ. ಹನ್ನೊಂದು ಜನಾನ ಬಿಸಿಲಿಗೆ ಬಿಟ್ಟವ್ರೆ. ನಮ್ಮೋನ್ನ ಮಾತ್ರ ಸಾಹೇಬ್ರು ಪಕ್ಕದಲ್ಲೇ ಕೂರ್ಸ್ಕೊಂಡವ್ರೆ. ಯಾರು ಸರಿಯಾಗಿ ಓಡ್ತಾವ್ರೆ, ಯಾರು ಮೈಗಳ್ಳತನ ಮಾಡ್ತಾವ್ರೆ ಅಂತ ನೋಡ್ಕಳದು ಇವನ ಕೆಲಸ."

ನನಗೆ ಮೈಯೆಲ್ಲ ಉರಿದು ಹೋಯ್ತು. "ಅಯ್ಯೋ ಅಪ್ಪಾ, ಮಾನ ಕಳೀಬೇಡ! ಆಡೋರು ಆಡ್ತಾರೆ, ಕೂತಿರೋರು ಎಕ್ಸ್‌ಟ್ರಾ ಕಣಪ್ಪಾ, ಎಕ್ಸ್‌ಟ್ರಾ!" ಅಂತ ಕೂಗಾಡಿದೆ.

ಅಪ್ಪ ನನ್ನ ಬೆನ್ನು ಸವರಿ ಹೇಳಿದ್ರು: "ಎಕ್ಸ್‌ಟ್ರಾ ಅಂದ್ರೆ ಹೆಚ್ಚು ತಾನೇ? ಅದನ್ನೇ ಕಣೋ ನಾನೂ ಹೇಳ್ತಿರೋದು."

ಅಮ್ಮನ ಅರ್ಚನೆ

ಮೊದಲನೇ ಕೀಪರ್ ನನ್ನ ಪ್ರಾಣ ಸ್ನೇಹಿತ. ಆದರೂ ಸುಳ್ಳು ಯಾಕೆ ಹೇಳ್ಲಿ, ಅವನು ನೆಲಕ್ಕೆ ಬಿದ್ದಾಗಲೆಲ್ಲ ನನ್ನ ಕೈ ತಾನಾಗೇ ಜಾಕೆಟ್ಟಿನ ಜಿಪ್ಪಿಗೆ ಹೋಗ್ತಿತ್ತು. ಒಂದು ಸಲ ಎದುರಾಳಿಯ ಮೊಣಕೈ ಬಡಿದು ಅವನು ಅಂಗಾತ ಬಿದ್ದ. ನಾನು ಜಾಕೆಟ್ ಬಿಚ್ಚಿ, ಸಾಕ್ಸ್ ಎಳೆದುಕೊಂಡು, ನಾಲ್ಕು ಬಸ್ಕಿ ಹೊಡೆದು ರೆಡಿಯಾಗಿ ನಿಂತೆ. ಅವನು ಎದ್ದು ಕೂತ. ನನ್ನನ್ನೇ ನೋಡಿದ. ಆಮೇಲೆ ಬೇಕು ಬೇಕು ಅಂತಲೇ ಕುಣಿದು ತೋರಿಸಿದ.

"ಲೇ, ನಿನ್ ಕಣ್ಣು ತಾಕೇ ನಂಗೆ ಹೀಗಾಗ್ತಿರೋದು ಕಣೋ," ಅಂತ ಅವತ್ತಿನಿಂದ ತನ್ನ ಕಿಟ್ ಬ್ಯಾಗಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಕೊಂಡು ಬರ್ತಿದ್ದ.

ನನಗೆ ಬೇಜಾರಾಯ್ತು. ಮನೆಗೆ ಬಂದು ಅಮ್ಮನ ಹತ್ತಿರ ಹೇಳ್ಕೊಂಡೆ: "ಅಮ್ಮಾ, ಅವನಿಗೆ ಒಂದು ಸಣ್ಣ ಜ್ವರ ಬಂದ್ರೆ ಸಾಕು, ನಾನು ಆಡಿಬಿಡ್ತೀನಿ."

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಥೂ, ಯಾರೋ ಹೆತ್ತ ಮಗನಿಗೆ ಜ್ವರ ಬರ್ಲಿ ಅಂತೀಯಲ್ಲೋ, ನಾಲಿಗೇಲಿ ಹುಳ ಬೀಳುತ್ತೆ ನಿಂಗೆ!" ಅಂದವಳೇ ಸೆರಗು ಸಿಕ್ಕಿಸಿಕೊಂಡು ಊರ ದೇವಸ್ಥಾನಕ್ಕೆ ಹೋದಳು. ಅವನ ಹೆಸರು, ನಕ್ಷತ್ರ ಎಲ್ಲ ಹೇಳಿ ಅರ್ಚನೆ ಮಾಡಿಸಿದಳು. ಆಯುಷ್ಯ, ಆರೋಗ್ಯ ಎರಡೂ ಕೇಳಿದಳಂತೆ. ನಕ್ಷತ್ರ ಅವನಿಗೇ ಫೋನ್ ಮಾಡಿ ಕೇಳಿಕೊಂಡಿದ್ದಳು.

ನಮ್ಮೂರ ದೇವರು ಇಷ್ಟು ಚುರುಕು ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಎರಡು ಸೀಸನ್ ಅವನಿಗೆ ನೆಗಡಿ ಕೂಡ ಬರಲಿಲ್ಲ.

ಬೂದಿಗೆರೆ ಸಂಬಂಧ

ಬೂದಿಗೆರೆಯಲ್ಲಿ ಹೆಣ್ಣು ನೋಡೋಕೆ ಹೋದ್ವಿ. ಹೆಣ್ಣಿನ ತಂದೆಗೆ ಒಂದೇ ಅನುಮಾನ. "ಹುಡುಗ ಒಳ್ಳೆಯವನೇ, ಕ್ರೀಡಾ ಕೋಟಾದಲ್ಲಿ ಕೆಲಸಾನೂ ಇದೆ. ಆದ್ರೆ ಫುಟ್‌ಬಾಲು ಅಂದ್ರೆ ಕೈಕಾಲು ಮುರಿಯುತ್ತಂತಲ್ಲ?"

ನಮ್ಮಪ್ಪ ತಟ್ಟನೆ ಎದ್ದು ಬಂದು, ಕೇಸರಿಬಾತ್ ತಿನ್ನುತ್ತಿದ್ದ ನನ್ನ ಪ್ಯಾಂಟನ್ನ ಮಂಡಿ ತನಕ ಮೇಲಕ್ಕೆ ಎಳೆದರು. "ನೋಡಿ ಬೀಗ್ರೇ, ಐದು ವರ್ಷದ ಸರ್ವೀಸು. ಒಂದು ಗೀರು ತೋರ್ಸಿ ನೋಡೋಣ!" ಮನೆಯವರೆಲ್ಲ ಬಗ್ಗಿ ಬಗ್ಗಿ ನನ್ನ ಕಾಲು ನೋಡಿದರು. ಅವರ ಅಜ್ಜಿ ಒಬ್ಬರು ಮುಟ್ಟಿಯೇ ನೋಡಿದರು.

ಆಮೇಲೆ ಹುಡುಗಿ ಜೊತೆ ಮಾತಾಡೋಕೆ ಹಿತ್ತಲಿಗೆ ಕಳಿಸಿದರು. ಅವಳು ನೇರವಾಗೇ ಕೇಳಿದಳು: "ನಿಜ ಹೇಳಿ, ಅಲ್ಲಿ ಏನು ಮಾಡ್ತೀರಿ?"

ಇವಳ ಹತ್ತಿರ ಸುಳ್ಳು ಹೇಳಬಾರದು ಅನ್ನಿಸಿಬಿಡ್ತು. "ಸುಮ್ನೆ ಕೂತಿರ್ತೀನಿ," ಅಂದೆ.

"ಎಷ್ಟು ಹೊತ್ತು?"

"ತೊಂಬತ್ತು ನಿಮಿಷ. ಕೆಲವು ಸಲ ಎರಡು ಗಂಟೆ."

"ಬೇಜಾರಾಗಲ್ವಾ? ಎದ್ದು ಹೋಗೋಣ ಅಂತ ಗೊಣಗಲ್ವಾ?"

"ಗೊಣಗಿದ್ರೆ ಕೋಚ್ ಬೈತಾರೆ."

ಅವಳು ಒಳಗೆ ಹೋಗಿ ಒಪ್ಪಿಗೆ ಅಂದುಬಿಟ್ಟಳು. ಯಾಕೆ ಅಂತ ನನಗೆ ಗೊತ್ತಾಗಿದ್ದು ಮದುವೆಗೆ ಸೀರೆ ತರೋಕೆ ಹೋದಾಗ. ಅಂಗಡಿಯಲ್ಲಿ ನನಗೊಂದು ಸ್ಟೂಲು ಹಾಕಿಸಿ, ಅವಳು ತನ್ನ ಅಕ್ಕನಿಗೆ ಹೇಳ್ತಿದ್ದಳು: "ನಿಶ್ಚಿಂತೆಯಿಂದ ನೋಡಕ್ಕಾ, ಇವರಿಗೆ ರಾಜ್ಯ ಮಟ್ಟದಲ್ಲಿ ಕೂತು ಅಭ್ಯಾಸ ಇದೆ."

ಇತಿಹಾಸದ ಮೊದಲ ಗೋಲು

ದೊಡ್ಡಬಳ್ಳಾಪುರದ ಕಡೆಯ ಒಂದು ಶಾಲೆಯವರು ಕ್ರೀಡಾ ದಿನಕ್ಕೆ ಮುಖ್ಯ ಅತಿಥಿ ಅಂತ ನನ್ನನ್ನ ಕರೆದರು. ಹೆಡ್‌ಮಾಸ್ಟರ್‌ಗೆ ಇತಿಹಾಸ ಅಂದರೆ ಪ್ರಾಣ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರಿದ್ದ ಕಾಲದಲ್ಲಿ ಈ ತಂಡ ದೇಶಕ್ಕೇ ಚಾಂಪಿಯನ್ ಆಗಿತ್ತು ಅನ್ನೋದರಿಂದ ಶುರು ಮಾಡಿ, ಬಿಸಿಲಲ್ಲಿ ಮಕ್ಕಳು ತೂಕಡಿಸೋ ತನಕ ಮಾತಾಡಿದರು. ಕೊನೆಗೆ, "ಅಂಥ ಪರಂಪರೆಯ ಕೊಂಡಿ ಇಲ್ಲಿ ಕೂತಿದೆ," ಅಂತ ನನ್ನ ಕಡೆ ಕೈ ತೋರಿಸಿದರು.

ಏಳನೇ ಕ್ಲಾಸಿನ ಒಂದು ಹುಡುಗಿ ಎದ್ದು ಕೇಳಿದಳು: "ಸಾರ್, ರಾಜ್ಯ ತಂಡದಲ್ಲಿ ನೀವು ಎಷ್ಟು ಗೋಲು ಬಿಟ್ಟಿದೀರಿ?"

"ಒಂದೂ ಇಲ್ಲಮ್ಮ," ಅಂದೆ. ದೇವರಾಣೆ ಅದು ನಿಜ.

ಹೆಡ್‌ಮಾಸ್ಟರ್ ಮೈಕು ಕಿತ್ಕೊಂಡರು. "ಕೇಳಿದಿರಾ ಮಕ್ಕಳೇ! ಇಷ್ಟು ವರ್ಷದಲ್ಲಿ ಒಂದೂ ಗೋಲು ಬಿಟ್ಟಿಲ್ಲ!" ಚಪ್ಪಾಳೆಯೋ ಚಪ್ಪಾಳೆ. ನಾನು ಬಾಯಿ ತೆಗೆದೆ, ಯಾರೂ ಕೇಳಲಿಲ್ಲ. ಎಳೆದುಕೊಂಡು ಹೋಗಿ ಎರಡು ಕಂಬದ ನಡುವೆ ನಿಲ್ಲಿಸಿಬಿಟ್ಟರು. ಆ ಹುಡುಗಿಯೇ ಬರಿಗಾಲಲ್ಲಿ ಓಡಿ ಬಂದು ಒದ್ದಳು. ನಾನು ಸ್ಟೈಲಾಗಿ ಬಲಕ್ಕೆ ಹಾರಿದೆ. ಚೆಂಡು ಎಡಕ್ಕೆ ಹೋಯ್ತು.

ಅವತ್ತು ಆ ಹುಡುಗಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿಕ್ಕಿತು. ಎಲ್ಲ ನನಗೆ ಅಂತ ತಂದಿದ್ದವು.

ಕಪ್ ಬಂದ ವರ್ಷ

ಮೈಸೂರು ಅಂತ ಇದ್ದಾಗ ಗೆದ್ದಿದ್ದೇ ಕೊನೆ, ಆಮೇಲೆ ಐವತ್ತು ಚಿಲ್ಲರೆ ವರ್ಷ ನಮಗೆ ದೇಶದ ಚಾಂಪಿಯನ್ ಕಪ್ ಬಂದಿರಲಿಲ್ಲ. ಕೊನೆಗೂ ಬಂತು, ಅದೂ ಎಲ್ಲಿ? ಅರಬ್ಬರ ದೇಶದಲ್ಲಿ ಫೈನಲ್ ಆಡಿ! ನಾನು ಎಲ್ಲಿದ್ದೆ? ಮನೆಯಲ್ಲಿ. ಕ್ಯಾಂಪಿಗೆ ಹೊರಡೋ ಹಿಂದಿನ ದಿನ ಹಸು ಕಟ್ಟೋಕೆ ಹೋಗಿ, ಅದು ಹಗ್ಗ ಎಳೆದು, ಹೆಬ್ಬೆರಳು ಉಳುಕಿ, ಪಟ್ಟಿಯಿಂದ ನನ್ನ ಹೆಸರು ಹೋಗಿತ್ತು. ಟೀವಿ ಮುಂದೆ ಕೂತು ಕುಣಿದೆ, ಕಿರುಚಿದೆ, ಆಮೇಲೆ ಬಚ್ಚಲಿಗೆ ಹೋಗಿ ಗಳಗಳ ಅತ್ತೆ.

ಮಾರನೇ ದಿನ ಸೂಲಿಬೆಲೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಬ್ಬ ಹಿರಿಯರು ನನ್ನನ್ನ ಮೇಲಿಂದ ಕೆಳಗೆ ನೋಡಿ ಅಂದರು: "ಏನಪ್ಪಾ, ನೀನು ಇರೋ ಗಂಟ ಬರ್ಲಿಲ್ಲ. ನೀನು ಹೋಗ್ದೇ ಇದ್ದ ವರ್ಷ ಬಂದ್ಬಿಡ್ತು!"

"ಅಜ್ಜಾ, ನಾನು ಹುಟ್ಟೋಕೂ ಮುಂಚೆ ಅಷ್ಟು ವರ್ಷ ಸೋತ್ರಲ್ಲ, ಅದಕ್ಕೂ ನಾನೇ ಕಾರಣನಾ?"

ಅವರು ಟೀ ಊದುತ್ತಾ ಯೋಚನೆ ಮಾಡಿದರು. "ಅದು ನಿಮ್ಮಪ್ಪನ ಕಾಲ ಬಿಡು."

ಮನೆಗೆ ಬಂದರೆ ಅಪ್ಪ ಯಾರಿಗೋ ಫೋನಲ್ಲಿ ವಿವರಣೆ ಕೊಡ್ತಿದ್ದರು: "ಇವನು ಹೋಗ್ಲಿಲ್ಲಪ್ಪಾ. ಓಡೋರನ್ನೆಲ್ಲಾ ಫಾರಿನ್‌ಗೆ ಕಳ್ಸವ್ರೆ. ಎಲ್ರೂ ಹೋದ್ರೆ ಇಲ್ಲಿ ನೋಡ್ಕಳೋರ್ಯಾರು? ಇವನಿಗೆ ಇನ್‌ಚಾರ್ಜ್ ಕೊಟ್ಟು ಹೋಗವ್ರೆ."

ಜನ ಅವ್ರೆ

ಆಮೇಲೆ ಮತ್ತೆ ಪಟ್ಟಿಗೆ ಸೇರಿದೆ. ಆ ಸೀಸನ್‌ಗಳಲ್ಲಿ ತಂಡ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ನಾನು ಮಾತ್ರ ಅಲ್ಲೇ, ಅದೇ ಕುರ್ಚಿ. ಕಳೆದ ಸೀಸನ್ನಿನಲ್ಲಿ ಕೋಚ್ ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು. "ವಯಸ್ಸಾಯ್ತು ಗುರು. ಮುಂದಿನ ವರ್ಷಕ್ಕೆ ಹೊಸಬರನ್ನ ನೋಡ್ತಿದೀವಿ." ಅಂದರೆ ಬೆಂಗಳೂರಿನಲ್ಲಿ ನಡೆಯೋ ಆ ಸೀಸನ್ನಿನ ಕೊನೇ ಮ್ಯಾಚೇ ನನ್ನ ಕೊನೇ ಅವಕಾಶ.

ವಿಷಯ ಗೊತ್ತಾಗಿ ನಮ್ಮೂರಿಂದ ಒಂದು ಟೆಂಪೋ ತುಂಬಾ ಜನ ಬಂದರು. ಅಪ್ಪ, ಅಮ್ಮ, ನನ್ನ ಹೆಂಡತಿ ಮೊದಲ ಸಾಲಿನಲ್ಲಿ. ಸಣ್ಣ ಮೈದಾನ, ಸೊಂಟದೆತ್ತರದ ಕಂಬಿಬೇಲಿ, ಅದರಾಚೆ ನಾವು.

ನಮ್ಮವರು ನಾಲ್ಕು ಗೋಲು ಹೊಡೆದರು. ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಮೊದಲನೇ ಕೀಪರ್ ಒಳಗಿಂದಲೇ ಕೋಚ್ ಕಡೆ ಕೈ ಮುಗಿದು, ನನ್ನ ಕಡೆ ಬೆರಳು ತೋರಿಸಿದ. ಅವನಿಗೆ ಏನೂ ಆಗಿರಲಿಲ್ಲ. ನನಗೋಸ್ಕರ ಕೇಳಿದ್ದ. ಕೋಚ್ ನನ್ನ ಕಡೆ ತಿರುಗಿ, "ಹೋಗು," ಅಂದರು. ಎಂಟು ವರ್ಷ ಕಾದಿದ್ದ ಮಾತು ಅದು. ಜಾಕೆಟ್ಟಿನ ಜಿಪ್ಪು ಸಿಕ್ಕಿಕೊಂಡು ಬಿಚ್ಚೋಕೇ ಬರಲಿಲ್ಲ, ಇಬ್ಬರು ಹಿಡಿದು ತಲೆ ಮೇಲಿಂದ ಎಳೆದರು.

ಆಗ ಗ್ಯಾಲರಿಯಲ್ಲಿ ನಡೆದದ್ದನ್ನ ನನ್ನ ಹೆಂಡತಿ ಆಮೇಲೆ ಹೇಳಿದಳು. ಅಪ್ಪ ಗಾಬರಿಯಿಂದ ಎದ್ದು ನಿಂತರಂತೆ. "ಯಾಕಮ್ಮಾ ಅವನ್ನ ಎಬ್ಬಿಸಿದ್ರು?"

"ಆಡೋಕೆ ಮಾವ!"

"ಎಂಟು ವರ್ಷ ಸರ್ವೀಸ್ ಆದ್ಮೇಲೆ ಓಡ್ಸ್ತಾರಾ? ಏನು ತಪ್ಪು ಮಾಡ್ದ?" ಅಂದವರೇ ಪಂಚೆ ಎತ್ತಿ ಕಟ್ಟಿಕೊಂಡು ಕೆಳಗಿಳಿದರಂತೆ.

ನನಗೆ ಇದ್ಯಾವುದೂ ಗೊತ್ತಿಲ್ಲ. ನಾನು ಗೆರೆ ದಾಟಿದೆ. ಹುಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ನಾಲ್ಕನೇ ನಿಮಿಷಕ್ಕೆ ಎದುರಾಳಿ ದೂರದಿಂದ ಜೋರಾಗಿ ಒದ್ದ. ಹಾರಿದೆ. ಈ ಸಲ ಚೆಂಡು ಇದ್ದ ಕಡೆಗೇ ಹಾರಿದೆ! ಹಿಡಿದು ಎದೆಗೆ ಅವುಚಿಕೊಂಡು ಹಾಗೇ ಮಲಗಿಬಿಟ್ಟೆ. "ಗುರು, ಬಾಲ್ ಬಿಡು ಗುರು, ಇಷ್ಟೊತ್ತು ಹಿಡ್ಕೊಂಡಿರೋ ಹಾಗಿಲ್ಲ, ರೆಫರಿ ಬೆರಳು ಎಣಿಸ್ತಾವ್ರೆ!" ಅಂತ ನಮ್ಮ ಡಿಫೆಂಡರ್ ಬಡ್ಕೊಂಡ ಮೇಲೇ ನಾನು ಎದ್ದು ಒದ್ದಿದ್ದು. ಅಷ್ಟು ಖುಷಿ ನನ್ನ ಮದುವೆ ದಿನವೂ ಆಗಿರಲಿಲ್ಲ. ಹೆಂಡತಿಗೆ ಇದನ್ನ ಹೇಳಿಲ್ಲ.

ಆ ಖುಷಿಯಲ್ಲಿ ನಮ್ಮ ಕುರ್ಚಿಗಳ ಸಾಲಿನ ಕಡೆ ನೋಡಿದರೆ, ಮೊದಲನೇ ಕೀಪರ್ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾನೆ. ನನ್ನ ಕುರ್ಚಿಯಲ್ಲಿ ಬಿಳಿ ಪಂಚೆ, ಬಿಳಿ ಶರ್ಟು. ನಮ್ಮಪ್ಪ!

ಬೇಲಿ ದಾಟಿ ಬಂದವರು ಮೊದಲು ಹೆಗಲ ಮೇಲಿನ ಟವೆಲ್ ತೆಗೆದು, ಬಸ್ಸಿನ ಕಿಟಕಿಯಿಂದ ಎಸೆಯೋ ಹಾಗೆ ನನ್ನ ಕುರ್ಚಿಗೆ ಎಸೆದರಂತೆ. ಆಮೇಲೆ ಅದರ ಮೇಲೇ ಕೂತುಬಿಟ್ಟರಂತೆ. ಬೆವರು ಒರೆಸಿಕೊಂಡು ಕೂರೋಕೆ ಬಂದ ಕೀಪರ್‌ಗೆ ಅಪ್ಪ ಕೈ ಅಡ್ಡ ಹಿಡಿದರು: "ಜನ ಅವ್ರೆ ಕಣಪ್ಪಾ ಇಲ್ಲಿ. ಬೇರೆ ಕಡೆ ನೋಡ್ಕೋ."

"ನಾನು ಆಡಿ ಬಂದಿದೀನಿ ಅಂಕಲ್!"

"ಆಡೋನು ನೀನು, ಅಲ್ಲಿಗೇ ಹೋಗು. ಇದು ಕೂರೋರ ಜಾಗ."

ಪಂದ್ಯದ ಅಧಿಕಾರಿಯೊಬ್ಬರು ಓಡಿ ಬಂದರು. "ಯಾರ್ರೀ ಇವರು? ಪಟ್ಟೀಲಿ ಹೆಸರಿಲ್ಲ, ಎಬ್ಬಿಸ್ರೀ!"

ನಮ್ಮ ಕೋಚ್ ಹಣೆ ಒತ್ತಿಕೊಂಡು ಅಂದರಂತೆ: "ಸಾರ್, ಮ್ಯಾಚ್ ಮುಗಿಯೋಕೆ ಮೂರು ನಿಮಿಷ ಇದೆ. ಇವರನ್ನ ಎಬ್ಬಿಸೋಕೆ ಅರ್ಧ ಗಂಟೆ ಬೇಕು."

ಕೊನೇ ಸೀಟಿ ಊದಿದರು. ನಾಲ್ಕು-ಸೊನ್ನೆ. ಹುಡುಗರು ನನ್ನನ್ನ ಎತ್ತಿಕೊಂಡು ಕುಣಿದರು. ನನಗೆ ಅಳು ತಡೆಯೋಕಾಗಲಿಲ್ಲ, ಮೂಗು ಕಣ್ಣು ಎಲ್ಲ ಸುರಿಸಿಕೊಂಡು ಅಪ್ಪನ ಹತ್ತಿರ ಬಂದೆ.

ಅಪ್ಪ ಎದ್ದರು. ಟವೆಲ್ಲಿಂದ ಕುರ್ಚಿ ಒರೆಸಿ, ಅದೇ ಟವೆಲ್ಲಲ್ಲಿ ನನ್ನ ಮುಖನೂ ಒರೆಸಿದರು. ಸುತ್ತ ನೋಡಿ, ಯಾರಿಗೂ ಕೇಳಿಸದ ಹಾಗೆ ಕಿವಿಯಲ್ಲಿ ಹೇಳಿದರು:

"ಅಳ್ಬೇಡ ಮಗಾ, ಮನಸ್ಸಿಗೆ ಹಚ್ಕೋಬೇಡ. ಏನೋ ಸಣ್ಣ ತಪ್ಪಿಗೆ ಹತ್ತು ನಿಮಿಷ ಓಡ್ಸವ್ರೆ, ಅಷ್ಟೇ. ಕುರ್ಚಿ ಹೋಗಿಲ್ಲ. ಬಾ, ಕೂತ್ಕೋ."